ಎಚ್-4ರಲ್ಲಿರುವ ಪ್ರಿ-ಮೆಡ್ ಮಗಳಿಗೆ ಬೇಸಿಗೆ ರಿಸರ್ಚ್: ಎಲ್ಲಿಂದ ಶುರು ಮಾಡಬೇಕು

ನಮಸ್ಕಾರ. ಮಗಳು ಮೈಸೂರಿನಲ್ಲಿ ಪಿಯುಸಿ ಮುಗಿಸಿ ಬಂದು ಈಗ ಒಹಾಯೋದಲ್ಲಿ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ, ಬಯಾಲಜಿ ಓದುತ್ತ ಪ್ರಿ-ಮೆಡ್, ಅಂದರೆ ಮುಂದೆ ಮೆಡಿಕಲ್ ಸ್ಕೂಲ್ ಸೇರುವ ಸಿದ್ಧತೆಯ ದಾರಿ ಹಿಡಿದಿದ್ದಾಳೆ, ಯಜಮಾನರದು ಎಚ್-1ಬಿ ಉದ್ಯೋಗ ವೀಸಾ, ನಿಮ್ಮಿಬ್ಬರದು ಅವರ ಕುಟುಂಬದವರಿಗೆ ಸಿಗುವ ಎಚ್-4 ಎಂದು ಬರೆದಿದ್ದೀರಿ. ಮುಂದಿನ ಬೇಸಿಗೆಗೆ ಮೆಡಿಕಲ್ ರಿಸರ್ಚ್ ಅವಕಾಶ ಎಲ್ಲಿ ಸಿಗುತ್ತದೆ, ಯಾವುದಕ್ಕೆ ಅರ್ಜಿ ಹಾಕಬೇಕು ಎಂದು ಕೇಳಿದ್ದೀರಿ.

ಅರ್ಜಿಯ ಮಾತಿಗಿಂತ ಮೊದಲು ವೀಸಾ ಮಾತು. ಇದನ್ನು ಮೊದಲೇ ತಿಳಿಯದೆ ಇಡೀ ಚಳಿಗಾಲ ಅರ್ಜಿ ತುಂಬಿ, ಕೊನೆಗೆ ಅರ್ಹತೆಯ ಸಾಲು ಓದಿ ಕೂರುವ ಮಕ್ಕಳು ತುಂಬ ಇದ್ದಾರೆ. ಹೆಸರುವಾಸಿ ಕಾರ್ಯಕ್ರಮಗಳಲ್ಲಿ ಬಹಳಷ್ಟು ಸರ್ಕಾರದ ದುಡ್ಡಿನಲ್ಲಿ ನಡೆಯುತ್ತವೆ. ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿರುವ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಸಮ್ಮರ್ ಇಂಟರ್ನ್‌ಶಿಪ್ ಆಗಲಿ, ಸರ್ಕಾರದ ವಿಜ್ಞಾನ ನಿಧಿ ಎನ್‌ಎಸ್‌ಎಫ್ ದುಡ್ಡು ಕೊಡುವ, ಕಾಲೇಜು ಮಕ್ಕಳ ರಿಸರ್ಚ್ ಕಾರ್ಯಕ್ರಮ ಆರ್‌ಇಯು ಆಗಲಿ, ಅಮೆರಿಕನ್ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಚ್-4ಕ್ಕೂ ಇಲ್ಲ, ವಿದ್ಯಾರ್ಥಿ ವೀಸಾ ಎಫ್-1ಕ್ಕೂ ಇಲ್ಲ. ಅಂಕ ಎಷ್ಟೇ ಇರಲಿ, ಅಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ. ಇನ್ನೊಂದು ವಿಷಯ: 2025ರಲ್ಲಿ ಎನ್‌ಐಎಚ್ ತನ್ನ ಬೇಸಿಗೆ ಇಂಟರ್ನ್‌ಶಿಪ್ಪನ್ನೇ ರದ್ದು ಮಾಡಿತು. ಗ್ರೀನ್ ಕಾರ್ಡ್ ಇರುವ ಮಕ್ಕಳೂ ಒಂದನ್ನೇ ನಂಬಿ ಕೂರುವ ಕಾಲ ಇದಲ್ಲ.

ಎಚ್-4ರಲ್ಲಿರುವ ಮಕ್ಕಳು ಓದಬಹುದು, ದುಡಿಯುವಂತಿಲ್ಲ. ಎಚ್-4 ಇಎಡಿ, ಅಂದರೆ ಕೆಲಸದ ಪರವಾನಗಿ, ಎಂದು ನೀವು ಕೇಳಿರುತ್ತೀರಿ, ಅದು ಗಂಡ ಅಥವಾ ಹೆಂಡತಿಗೆ, ಅದೂ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರಿಗೆ, ಮಕ್ಕಳಿಗೆ ಇಲ್ಲ. ಹಾಗಾಗಿ ಮಗಳಿಗೆ ಸಂಬಳಕ್ಕೆ ಬೇಕಾಗುವ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ (ಎಸ್‌ಎಸ್‌ಎನ್) ಇರುವುದಿಲ್ಲ, ಲ್ಯಾಬಿನ ಪೇರೋಲ್‌ಗೆ ಹೆಸರು ಏರುವುದಿಲ್ಲ. "ಸಂಬಳ ಬೇಡ, ಸುಮ್ಮನೆ ಬರುತ್ತೇನೆ" ಎನ್ನುವುದೂ ಅಷ್ಟು ಸಲೀಸಲ್ಲ. ಅದೇ ಕೆಲಸಕ್ಕೆ ಪಕ್ಕದ ಹುಡುಗನಿಗೆ ಸಂಬಳ ಕೊಡುತ್ತಿದ್ದರೆ ಅದನ್ನು ಸ್ವಯಂಸೇವೆ ಎನ್ನಲು ಬರುವುದಿಲ್ಲ.

ಅವಳಿಗೆ ಎಲ್ಲಕ್ಕಿಂತ ಭದ್ರವಾದ ದಾರಿ ಕ್ರೆಡಿಟ್‌ಗಾಗಿ ಮಾಡುವ ರಿಸರ್ಚ್. ಬಹುತೇಕ ಕಾಲೇಜುಗಳಲ್ಲಿ 'ಇಂಡಿಪೆಂಡೆಂಟ್ ರಿಸರ್ಚ್' ಎಂಬ ಕೋರ್ಸ್ ಇರುತ್ತದೆ. ಒಬ್ಬ ಪ್ರೊಫೆಸರ್ ಒಪ್ಪಿ ಸಹಿ ಹಾಕಿದರೆ ಹೆಸರು ನೋಂದಾಯಿಸಿ ಲ್ಯಾಬಿಗೆ ಹೋಗಬಹುದು. ಅದು ಓದು, ದುಡಿಮೆ ಅಲ್ಲ. ಬೇಸಿಗೆಯ ಕ್ರೆಡಿಟ್‌ಗೆ ಪ್ರತ್ಯೇಕ ಫೀಸು ಬೀಳುತ್ತದೆ, ಆದ್ದರಿಂದ ಒಂದೋ ಎರಡೋ ಕ್ರೆಡಿಟ್ ತೆಗೆದುಕೊಂಡರೆ ಸಾಕಾಗುತ್ತದೆಯೇ ಎಂದು ವಿಭಾಗದಲ್ಲಿ ಕೇಳಿ. ಕಾಲೇಜಿನ ಅಂಡರ್‌ಗ್ರಾಜುಯೇಟ್ ರಿಸರ್ಚ್ ಆಫೀಸಿನವರು ತಮ್ಮದೇ ನಿಧಿಯಿಂದ ಬೇಸಿಗೆ ಫೆಲೋಶಿಪ್ ಕೊಡುವುದುಂಟು, ಅಲ್ಲಿ ಪೌರತ್ವದ ಷರತ್ತು ಹಲವು ಸಲ ಇರುವುದಿಲ್ಲ. ಆದರೆ ಆ ಹಣವನ್ನು ವಿದ್ಯಾರ್ಥಿವೇತನ ಎಂದು ಕೊಡುತ್ತಾರೋ ಸಂಬಳ ಎಂದೋ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ಇಂಟರ್‌ನ್ಯಾಷನಲ್ ಆಫೀಸಿನಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು.

ಇಪ್ಪತ್ತೊಂದು ತುಂಬಿದರೆ ಎಚ್-4 ಮುಗಿಯುತ್ತದೆ, ಆ ಹೊತ್ತಿಗೆ ಹೇಗೂ ಅವಳು ಎಫ್-1ಕ್ಕೆ ಹೋಗಬೇಕಾಗಬಹುದು. ಇಲ್ಲೇ ಇದ್ದುಕೊಂಡು ಬದಲಿಸಲು ಐ-539 ಅರ್ಜಿ, ಅದು ತಿಂಗಳುಗಟ್ಟಲೆ ಹಿಡಿಯುತ್ತದೆ, ಹುಟ್ಟುಹಬ್ಬದ ಹತ್ತಿರಕ್ಕೆ ಬಿಡಬೇಡಿ. ಎಫ್-1 ಆದಮೇಲೆ ಸ್ವಂತ ಕ್ಯಾಂಪಸ್ಸಿನ ಲ್ಯಾಬಿನಲ್ಲಿ ಸಂಬಳಕ್ಕೆ ಸೇರಬಹುದು, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ತಿ. ಬೇರೆ ಊರಿನ ಆಸ್ಪತ್ರೆಗೆ ಹೋಗುವುದಾದರೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಅನುಮತಿ ಬೇಕು, ಅದಕ್ಕೆ ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿರಬೇಕು, ಕೆಲಸ ಪಠ್ಯಕ್ರಮದ ಭಾಗವಾಗಿರಬೇಕು, ಕಾಲೇಜು ಕೊಡುವ ಐ-20 ಪತ್ರದಲ್ಲಿ ನಮೂದಾಗಿರಬೇಕು. ನಮೂದಾಗುವ ಮೊದಲು ಒಂದು ದಿನವೂ ಕೆಲಸಕ್ಕೆ ಹೋಗಬಾರದು.

ಈಗ ಲ್ಯಾಬ್ ಹುಡುಕುವ ಕೆಲಸ. ಬೇಸಿಗೆ ಹತ್ತಿರ ಬಂದಮೇಲೆ ಹುಡುಕಿದರೆ ಸಿಗುವುದಿಲ್ಲ. ಪ್ರಕಟವಾದ ಕಾರ್ಯಕ್ರಮಗಳ ಕೊನೆಯ ದಿನ ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲೇ ಬರುತ್ತದೆ. ಪ್ರೊಫೆಸರ್‌ಗಳಿಗೆ ನೇರ ಮೇಲ್ ಹಾಕುವುದಾದರೆ ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಎನ್‌ಐಎಚ್ ರಿಪೋರ್ಟರ್ ಎಂಬ ಉಚಿತ ತಾಣದಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರು ಹಾಕಿ ಹುಡುಕಿದರೆ ಯಾರ ಬಳಿ ಗ್ರಾಂಟ್ (ಸಂಶೋಧನೆಯ ಅನುದಾನ) ಇದೆ, ಅದು ಯಾವ ವರ್ಷದವರೆಗಿದೆ ಎಂದು ಕಾಣುತ್ತದೆ. ಗ್ರಾಂಟ್ ಮುಗಿಯುತ್ತಿರುವ ಲ್ಯಾಬಿನಲ್ಲಿ ಹೊಸಬರಿಗೆ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಇಪ್ಪತ್ತು, ಇಪ್ಪತ್ತೈದು ಹೆಸರು ಆರಿಸಿ, ಪ್ರತಿಯೊಬ್ಬರ ಒಂದು ಲೇಖನವನ್ನು ವೈದ್ಯಕೀಯ ಲೇಖನಗಳ ತಾಣ ಪಬ್‌ಮೆಡ್‌ನಲ್ಲಿ ತೆಗೆದು ನಿಜವಾಗಿ ಓದಲಿ.

ಮೇಲ್ 150 ಪದ ದಾಟಬಾರದು. "ನಿಮ್ಮ ಸಂಶೋಧನೆ ನನಗೆ ತುಂಬ ಆಸಕ್ತಿ ಹುಟ್ಟಿಸಿದೆ" ಎಂಬ ಸಾಲು ನೂರು ಜನಕ್ಕೆ ಹೋಗಿದೆ ಎಂಬುದು ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಬದಲಿಗೆ, "ಸಕ್ಕರೆ ಕಾಯಿಲೆಯವರ ಮೂತ್ರದ ಆಲ್ಬುಮಿನ್ ಬಗೆಗಿನ ನಿಮ್ಮ ಲೇಖನದಲ್ಲಿ, ಎರಡನೇ ಚಿತ್ರದಲ್ಲಿ ಮೊದಲ ಆರು ತಿಂಗಳು ಎರಡೂ ಗುಂಪು ಒಂದೇ ತೆರನಾಗಿರುವುದು ಏಕೆ ಎಂದು ನನಗೆ ಅರ್ಥವಾಗಲಿಲ್ಲ" ಎಂಬಂಥ ಒಂದು ಸಾಲು ಇದ್ದರೆ ಮೇಲ್ ತೆರೆದೇ ಇರುತ್ತದೆ. ಅದರ ಕೆಳಗೆ ಯಾವ ವರ್ಷ, ಯಾವ ಕೋರ್ಸ್ ಆಗಿದೆ, ವಾರಕ್ಕೆ ಎಷ್ಟು ಗಂಟೆ, ಯಾವ ತಾರೀಕಿನಿಂದ, ಮತ್ತು ಕ್ರೆಡಿಟ್‌ಗಾಗಿ ಬರುತ್ತೇನೆ, ಸಂಬಳ ಬೇಕಿಲ್ಲ ಎಂಬ ಮಾತು. ಈ ಕೊನೆಯದು ಅವಳಿಗೆ ಅನುಕೂಲವೇ, ಲ್ಯಾಬಿನ ಬಜೆಟ್ ಮುಟ್ಟಬೇಕಿಲ್ಲ. ಒಂದು ಪುಟದ ರೆಸ್ಯೂಮೆ ಜೊತೆಗಿರಲಿ. ಎಂಟು, ಹತ್ತು ದಿನಕ್ಕೆ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ. ಬಹುಪಾಲು ಜನ ಉತ್ತರಿಸುವುದಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಮಗಳಿಗೆ ನೀವೇ ಹೇಳಿ.

ಒಪ್ಪಿಗೆ ಸಿಕ್ಕಮೇಲೆ ಕಾಗದಪತ್ರ. ನಮ್ಮ ಮಕ್ಕಳ ಬೇಸಿಗೆ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಆಸ್ಪತ್ರೆಗೆ ಸೇರಿದ ಲ್ಯಾಬ್ ಆದರೆ ಟಿಬಿ ಪರೀಕ್ಷೆ ಕೇಳುತ್ತಾರೆ. ಊರಿನಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಟಿಬಿ ಲಸಿಕೆ ಬಿಸಿಜಿ ಹಾಕಿಸಿರುತ್ತೇವೆ, ಎಡತೋಳಿನ ಮೇಲೆ ಗುರುತೇ ಇರುತ್ತದೆ. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಆ ಲಸಿಕೆಯಿಂದಲೇ ಪಾಸಿಟಿವ್ ತೋರಿಸಬಹುದು. ಆಮೇಲೆ ಎಕ್ಸ್‌ರೇ, ಡಾಕ್ಟರ ಪತ್ರ ಎಂದು ಎರಡು, ಮೂರು ವಾರ ಸುಮ್ಮನೆ ಹೋಗುತ್ತದೆ. ಮೊದಲೇ ರಕ್ತದ ಪರೀಕ್ಷೆ, ಕ್ವಾಂಟಿಫೆರಾನ್, ಮಾಡಿಸಿ. ಅದಕ್ಕೆ ಬಿಸಿಜಿ ಅಡ್ಡಬರುವುದಿಲ್ಲ. ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ಹೆಪಟೈಟಿಸ್ ಬಿ ಲಸಿಕೆಗಳ ದಾಖಲೆ ಮೈಸೂರಿನ ಮನೆಯ ಬೀರುವಿನಲ್ಲಿದ್ದರೆ ಈಗಲೇ ಫೋಟೋ ತರಿಸಿ. ಕಾರ್ಡ್ ಕಳೆದಿದ್ದರೆ ರಕ್ತದಲ್ಲಿ ಪ್ರತಿಕಾಯ ನೋಡುವ ಟೈಟರ್ ಪರೀಕ್ಷೆ ನಡೆಯುತ್ತದೆ. ಹೆಪಟೈಟಿಸ್ ಬಿ ಮತ್ತೆ ಹಾಕಿಸಬೇಕಾಗಿ ಬಂದರೆ ಮೂರು ಡೋಸಿನ ಲಸಿಕೆಗೆ ಆರು ತಿಂಗಳು ಬೇಕು, ಎರಡೇ ಡೋಸಿನದು ತಿಂಗಳಲ್ಲಿ ಮುಗಿಯುತ್ತದೆ.

ರೋಗಿಗಳ ಮಾಹಿತಿ ಮುಟ್ಟುವ ಕೆಲಸವಾದರೆ ಸಿಐಟಿಐ (ಸಂಶೋಧನಾ ನೀತಿ) ಮತ್ತು ಹಿಪಾ (ರೋಗಿಗಳ ಗೋಪ್ಯತೆಯ ಕಾನೂನು) ತರಬೇತಿ ಮುಗಿಸಿ, ಸಂಸ್ಥೆಯ ನೀತಿ ಸಮಿತಿ ಐಆರ್‌ಬಿ ಒಪ್ಪಿದ ಅಧ್ಯಯನಕ್ಕೆ ಅವಳ ಹೆಸರು ಸೇರಿಸಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ. ಸಾಮಾನ್ಯ ಬೇಸಿಗೆ ಕೆಲಸ ಒಟ್ಟು ಹತ್ತೇ ವಾರ. ಅದಕ್ಕೇ ಏಪ್ರಿಲ್‌ನಲ್ಲೇ ಇದನ್ನೆಲ್ಲ ಮುಗಿಸಿ ಮೊದಲ ದಿನವೇ ಕಂಪ್ಯೂಟರ್ ಲಾಗಿನ್ ಸಿಗುವಂತೆ ಮಾಡಿಕೊಳ್ಳಲಿ.

ಯಾವ ಬಗೆಯ ಕೆಲಸ ಒಳ್ಳೆಯದು ಎಂದರೆ, ಹತ್ತು ವಾರಕ್ಕೆ ಹಳೆಯ ಕೇಸ್ ಶೀಟ್‌ಗಳನ್ನು ಓದಿ ಮಾಹಿತಿ ತೆಗೆಯುವ ಚಾರ್ಟ್ ರಿವ್ಯೂ ನನ್ನ ಆಯ್ಕೆ. ಪಿಪೆಟ್ ಹಿಡಿಯುವ ಲ್ಯಾಬಿನಲ್ಲಿ ಕೈ ಪಳಗುವಷ್ಟರಲ್ಲಿ ಆಗಸ್ಟ್ ಬಂದಿರುತ್ತದೆ; ಸೆಮಿಸ್ಟರ್‌ನಲ್ಲೂ ಮುಂದುವರಿಸುವುದಾದರೆ ಮಾತ್ರ ಅಲ್ಲಿಗೆ ಹೋಗಲಿ. ಚಾರ್ಟ್ ರಿವ್ಯೂನಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್‌ನ ಪರೀಕ್ಷೆಯೇ ಮಾಡಿಸದ ರೋಗಿಯ ಎದುರು 0 ಎಂದು ತುಂಬುವುದು. ಕೊನೆಗೆ ಸರಾಸರಿ ಕೆಳಗಿಳಿದು, ರೋಗಿಗಳ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಹಾಗೆಯೇ ಬೀಡಿ, ಸಿಗರೇಟಿನ ವಿಷಯ ಬರೆದಿಲ್ಲದ ಕಡೆ "ಇಲ್ಲ" ಎಂದು ಗುರುತು ಹಾಕುವುದು. ಖಾಲಿ ಬೇರೆ, ಸೊನ್ನೆ ಬೇರೆ, ಇಲ್ಲ ಬೇರೆ. ರೆಡ್‌ಕ್ಯಾಪ್ ಎಂಬ ಮಾಹಿತಿ ದಾಖಲಿಸುವ ತಂತ್ರಾಂಶದಲ್ಲಿ ತುಂಬಲು ಶುರುಮಾಡುವ ಮೊದಲು ಇದನ್ನು ಬರೆದಿಟ್ಟುಕೊಳ್ಳಬೇಕು. ಮೊದಲ ಇಪ್ಪತ್ತು ಕೇಸುಗಳನ್ನು ಇನ್ನೊಬ್ಬರೂ ಬೇರೆಯಾಗಿ ತುಂಬಿ ತಾಳೆ ನೋಡಿದರೆ ಮುಂದಿನ ಮುನ್ನೂರು ಉಳಿಯುತ್ತವೆ.

ದುಡ್ಡು ತೆಗೆದುಕೊಂಡು ಲೇಖನದಲ್ಲಿ ಹೆಸರು ಹಾಕಿಸುತ್ತೇವೆ ಎನ್ನುವವರಿಗೆ ಒಂದು ಡಾಲರ್ ಕೊಡಬೇಡಿ. ಇಂಟರ್ವ್ಯೂನಲ್ಲಿ ಆ ಲೇಖನದ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ.

ಮೆಡಿಕಲ್ ಸ್ಕೂಲುಗಳಿಗೆ ಒಟ್ಟಾಗಿ ಹಾಕುವ ಎಎಂಸಿಎಎಸ್ ಅರ್ಜಿಯಲ್ಲಿ ಇಂಥ ಅನುಭವಗಳಿಗೆ 15 ಜಾಗ, ಒಂದಕ್ಕೆ 700 ಅಕ್ಷರ. ಮುಖ್ಯವೆಂದು ಆರಿಸಿದ ಮೂರಕ್ಕೆ ಇನ್ನೂ 1,325 ಅಕ್ಷರ. ಗಂಟೆಗಳ ಲೆಕ್ಕವನ್ನೂ ಕೊಡಬೇಕು, ಆದ್ದರಿಂದ ದಿನಾ ಎಷ್ಟು ಹೊತ್ತು, ಏನು ಮಾಡಿದಳು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಒಂದು ಎಚ್ಚರಿಕೆ: ಗ್ರೀನ್ ಕಾರ್ಡ್ ಇಲ್ಲದವರನ್ನು ಹಲವು ಮೆಡಿಕಲ್ ಸ್ಕೂಲುಗಳು ತೆಗೆದುಕೊಳ್ಳುವುದೇ ಇಲ್ಲ, ತೆಗೆದುಕೊಳ್ಳುವವರ ಪಟ್ಟಿಯನ್ನು ಈ ವರ್ಷವೇ ಮಾಡಿಟ್ಟುಕೊಳ್ಳಿ. ಶಿಫಾರಸು ಪತ್ರವನ್ನು ಪ್ರೊಫೆಸರ್ ಬಳಿ ಬೇಸಿಗೆ ಕೆಲಸದ ಕೊನೆಯ ವಾರವೇ ಕೇಳಬೇಕು, ಜೊತೆಗೆ ಅವಳು ಮಾಡಿದ ಕೆಲಸದ ಒಂದು ಪುಟದ ಪಟ್ಟಿ ಕೊಡಬೇಕು. ಎರಡು ವರ್ಷ ಬಿಟ್ಟು ಕೇಳಿದರೆ ಅವರಿಗೆ ಹೆಸರೂ ನೆನಪಿರುವುದಿಲ್ಲ.