ಆಸ್ಟರಿಸ್ಕ್‌ನ ಸಿದ್ಧ ಕ್ಯೂ ಸಾಕೇ, ನಾವೇ ಬರೆಯಬೇಕೇ?

ಫೋನ್ ಕರೆಗಳನ್ನು ನಿರ್ವಹಿಸುವ ಆಸ್ಟರಿಸ್ಕ್ ಸಾಫ್ಟ್‌ವೇರ್‌ನಲ್ಲಿರುವ ಸಿದ್ಧ ಕ್ಯೂ (ಕರೆಗಳ ಸರದಿ) ಸಾಕೇ ಎಂದು ಕೇಳುತ್ತ, ಹಳೆಯ ಗ್ರಾಹಕರ ಕರೆ ಸರದಿಯಲ್ಲಿ ಮುಂದೆ ಬರಬೇಕು, ಅದು ಹಿಂದಿನ ಸಲ ಮಾತನಾಡಿದ ಸಿಬ್ಬಂದಿಗೇ ಹೋಗಬೇಕು ಎಂದಿದ್ದೀರಿ. ಮೊದಲನೆಯದಕ್ಕೆ ಹೊಸದಾಗಿ ಏನನ್ನೂ ಬರೆಯಬೇಕಾಗಿಲ್ಲ. ಕರೆಯನ್ನು ಕ್ಯೂಗೆ ಸೇರಿಸುವ ಮುನ್ನ, ಬಂದ ಕರೆಯನ್ನು ಏನು ಮಾಡಬೇಕೆಂದು ಸಾಲುಸಾಲಾಗಿ ಹೇಳುವ ಡಯಲ್‌ಪ್ಲಾನ್‌ನಲ್ಲಿ ಕ್ಯೂ_ಪ್ರಿಯೊ (QUEUE_PRIO) ಎಂಬ ವೇರಿಯಬಲ್‌ಗೆ ದೊಡ್ಡ ಸಂಖ್ಯೆ ಕೊಟ್ಟರೆ ಆ ಕರೆ ಉಳಿದವುಗಳಿಗಿಂತ ಮುಂದೆ ನಿಲ್ಲುತ್ತದೆ. ಎರಡನೆಯದು ಹಾಗಲ್ಲ. ಆ ಸಿಬ್ಬಂದಿ ಬೇರೆ ಕರೆಯಲ್ಲಿದ್ದರೆ ಎಷ್ಟು ಹೊತ್ತು ಕಾಯುವುದು, ಆಮೇಲೆ ಯಾರಿಗೆ ಕೊಡುವುದು ಎಂಬುದನ್ನು ನಿಮ್ಮ ಡೇಟಾಬೇಸ್ ನೋಡಿಯೇ ತೀರ್ಮಾನಿಸಬೇಕಾದ್ದರಿಂದ, 2013ರಲ್ಲಿ ಆಸ್ಟರಿಸ್ಕ್‌ನ 12ನೇ ಆವೃತ್ತಿಯೊಂದಿಗೆ ಬಂದ, ಹೊರಗಿನ ಪ್ರೋಗ್ರಾಂ ಕರೆಗಳನ್ನು ನಡೆಸಲು ಬಿಡುವ ಎಆರ್‌ಐ (ARI) ಎಂಬ ಇಂಟರ್‌ಫೇಸ್ ಬಳಸಿ ಬರೆಯುವುದೇ ಸರಿ.

ಅದರ ಮೂಲ ವಿನ್ಯಾಸ ಸರಳ. ಕರೆಯನ್ನು ನಿಮ್ಮ ಪ್ರೋಗ್ರಾಂ ಕೈಗೆ ಒಪ್ಪಿಸುವ ಸ್ಟೇಸಿಸ್‌ಗೆ ಕರೆ ಬಂದ ಕೂಡಲೇ ಅದನ್ನು ಹೋಲ್ಡಿಂಗ್ ಬ್ರಿಡ್ಜ್‌ಗೆ (ಕಾಯುವವರನ್ನು ಇರಿಸುವ ಜಾಗಕ್ಕೆ) ಸೇರಿಸಿ ಸಂಗೀತ ಕೇಳಿಸಬೇಕು. ಸಿಬ್ಬಂದಿಯ ಫೋನಿಗೆ ರಿಂಗ್ ಕಳಿಸಿ, ಅವರು ಎತ್ತಿದಾಗ ಇಬ್ಬರನ್ನೂ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವ ಮಿಕ್ಸಿಂಗ್ ಬ್ರಿಡ್ಜ್‌ಗೆ ತರಬೇಕು.

ಕಷ್ಟವಿರುವುದು ರಿಂಗ್ ಆಗುತ್ತಿರುವ ಆ ಕೆಲವು ಸೆಕೆಂಡುಗಳಲ್ಲಿ. ಆಸ್ಪತ್ರೆಯೊಂದರ ಅಪಾಯಿಂಟ್‌ಮೆಂಟ್ ಲೈನಿಗೆ ನಾನು ಇಂಥ ಕ್ಯೂ ಬರೆದಾಗ, ಕಾದು ಬೇಸತ್ತ ರೋಗಿ ಫೋನ್ ಇಟ್ಟ ಮೇಲೂ ಕೌಂಟರಿನಲ್ಲಿ ರಿಂಗ್ ಆಗುತ್ತಲೇ ಇರುತ್ತಿತ್ತು. ಅಲ್ಲಿದ್ದವರು ಎತ್ತಿ, 'ಹಲೋ, ಹೇಳಿ... ಹಲೋ?' ಎಂದು ಖಾಲಿ ಲೈನಿಗೆ ಮಾತನಾಡುತ್ತಿದ್ದರು. ಅಷ್ಟು ಹೊತ್ತು ಸರದಿಯಲ್ಲಿದ್ದ ನಿಜವಾದ ರೋಗಿ ಕಾಯುತ್ತಿದ್ದರು. ಆದ್ದರಿಂದ ಕರೆ ಮಾಡಿದವರ ಚಾನೆಲ್ (ಆಸ್ಟರಿಸ್ಕ್‌ಗೂ ಒಂದು ಫೋನಿಗೂ ನಡುವಿನ ಸಂಪರ್ಕ) ಕಡಿಯಿತೆಂಬ ಸೂಚನೆ ಬಂದೊಡನೆ, ಅವರಿಗಾಗಿ ರಿಂಗ್ ಆಗುತ್ತಿರುವ ಚಾನೆಲನ್ನೂ ಅಳಿಸಿ ಸಿಬ್ಬಂದಿಯನ್ನು ಬಿಡುವಾಗಿದ್ದಾರೆ ಎಂದು ಗುರುತಿಸಿರಿ. ಹಾಗೆಯೇ, ರಿಂಗ್ ಕಳಿಸುವುದಕ್ಕೆ ಮೊದಲೇ ಸಿಬ್ಬಂದಿಯನ್ನು ಆ ಕರೆಗೆ ಕಾಯ್ದಿರಿಸಿರಿ. ಫೋನ್ ಎತ್ತಿದ ಮೇಲೆ ಗುರುತಿಸೋಣ ಎಂದುಕೊಂಡರೆ ಎರಡು ಕರೆಗಳು ಒಬ್ಬರ ಮೇಲೆಯೇ ಬೀಳುತ್ತವೆ. ಈ ಕಾಯ್ದಿರಿಸುವಿಕೆ ಡೇಟಾಬೇಸಿನಲ್ಲಿ ಒಂದೇ ಹೆಜ್ಜೆಯಲ್ಲಿ ಮುಗಿಯಬೇಕು. ಮೊದಲು ಓದಿ, ಆಮೇಲೆ ಬರೆಯುವ ಕ್ರಮ ಇಲ್ಲಿ ನಡೆಯುವುದಿಲ್ಲ.

ನಿಮ್ಮ ಪ್ರೋಗ್ರಾಂ ನಿಂತುಹೋಗುವ ದಿನಕ್ಕೂ ಈಗಲೇ ಸಿದ್ಧರಾಗಿ. ಆಸ್ಟರಿಸ್ಕ್ ಅದಕ್ಕೆ ಸೂಚನೆಗಳನ್ನು ಕಳಿಸುವ ವೆಬ್‌ಸಾಕೆಟ್ ಸಂಪರ್ಕ ಕಡಿದಿದ್ದಾಗ ಹೊಸ ಕರೆ ಸ್ಟೇಸಿಸ್ ಒಳಗೆ ಹೋಗಲಾರದೆ ಡಯಲ್‌ಪ್ಲಾನ್‌ನ ಮುಂದಿನ ಸಾಲಿಗೆ ಬರುತ್ತದೆ. ಆ ಸಾಲಿನಲ್ಲಿ ಆಸ್ಟರಿಸ್ಕ್‌ನ ಸಿದ್ಧ ಕ್ಯೂವನ್ನೇ ಇಟ್ಟುಬಿಡಿ. ಆಗ ಆದ್ಯತೆ ತಪ್ಪಬಹುದೇ ಹೊರತು ಕರೆ ತಪ್ಪುವುದಿಲ್ಲ. ಅದಾಗಲೇ ಒಳಗಿದ್ದ ಕರೆಗಳು ಹೋಲ್ಡಿಂಗ್ ಬ್ರಿಡ್ಜ್‌ನಲ್ಲಿ ಸಂಗೀತ ಕೇಳುತ್ತ ಹಾಗೆಯೇ ಉಳಿದಿರುತ್ತವೆ. ಆದುದರಿಂದ ಪ್ರೋಗ್ರಾಂ ಮತ್ತೆ ಎದ್ದಾಗ ಮೊದಲು ಚಾನೆಲ್ ಮತ್ತು ಬ್ರಿಡ್ಜ್‌ಗಳ ಪಟ್ಟಿ ತರಿಸಿಕೊಂಡು, ಯಾರು ಯಾವಾಗಿನಿಂದ ಕಾಯುತ್ತಿದ್ದಾರೆ ಎಂಬುದನ್ನು ಚಾನೆಲ್ ಹುಟ್ಟಿದ ಸಮಯದಿಂದ ಲೆಕ್ಕ ಹಾಕಿ, ಅದೇ ಕ್ರಮದಲ್ಲಿ ಸರದಿಯನ್ನು ಮರಳಿ ಕಟ್ಟಿರಿ.