ಕಾಲಿಗೆ ನೆಲ ಸಿಗುವಷ್ಟು ನೀರಿನಲ್ಲಿ

ಪತ್ರ: ನನಗೀಗ 41 ವರ್ಷ. ಚಿಕ್ಕವಳಿದ್ದಾಗ ಈಜು ಕಲಿಸುತ್ತೇನೆಂದು ಸೋದರಮಾವ ತೋಟದ ಬಾವಿಗೆ ತಳ್ಳಿದ್ದರು. ಅಂದಿನಿಂದ ನೀರು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಈಗ ಹಟ ಹಿಡಿದು ಈಜುಕೊಳಕ್ಕೆ ಸೇರಿದ್ದೇನೆ. ಆಳವಿಲ್ಲದ ಕಡೆ ಕೈಕಾಲು ಚೆನ್ನಾಗಿಯೇ ಆಡುತ್ತವೆ, ಆಳದ ಕಡೆ ಹೋದೊಡನೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ‘ರಿಲ್ಯಾಕ್ಸ್ ಆಗಿ’ ಎಂದು ತರಬೇತುದಾರರು ದಡದಿಂದ ಕೂಗುತ್ತಾರೆ. ಇದು ವಯಸ್ಸಿನ ದೋಷವೇ, ಧೈರ್ಯದ ಕೊರತೆಯೇ?
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ವಯಸ್ಸನ್ನು ಬಿಟ್ಟುಬಿಡಿ. ಕೊಳದ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಧೈರ್ಯದ ಮಾತೂ ಬೇಡ. ಧೈರ್ಯವಿಲ್ಲದವರು ಬಾವಿಯ ನೆನಪು ಹೊತ್ತುಕೊಂಡು ಈಜುಕೊಳದ ಮೆಟ್ಟಿಲು ಇಳಿಯುತ್ತಿರಲಿಲ್ಲ.

ಆಳದ ಕಡೆ ನಿಮ್ಮ ದೇಹ ಏನು ಮಾಡುತ್ತದೆಂದು ನೋಡಿ. ಹೆದರಿಕೆ ಬಂದೊಡನೆ ಉಸಿರು ಬಿಗಿಹಿಡಿಯುತ್ತೀರಿ, ತಲೆ ಮೇಲಕ್ಕೆತ್ತುತ್ತೀರಿ. ತಲೆ ಮೇಲೆದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಮುಳುಗುತ್ತಿದ್ದೇನೆ ಅನ್ನಿಸಿ ತಲೆಯನ್ನು ಇನ್ನಷ್ಟು ಎತ್ತುತ್ತೀರಿ. ಕೀಲಿನ ಎರಡೂ ಬದಿಯ ಸ್ನಾಯುಗಳು ಒಟ್ಟಿಗೇ ಬಿಗಿದುಕೊಳ್ಳುವುದರಿಂದ ಕಾಲು ಬಡಿದರೂ ಮುಂದೆ ಹೋಗುವುದಿಲ್ಲ, ಸುಸ್ತು ಮಾತ್ರ ಬೇಗ ಬರುತ್ತದೆ. ಅಷ್ಟರಲ್ಲಿ ಹಿಡಿದ ಉಸಿರಿನಿಂದಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಉಸಿರು ಕಟ್ಟಿದ ಸಂಕಟ ಹುಟ್ಟುವುದು ಮುಖ್ಯವಾಗಿ ಇದರಿಂದ, ಆಮ್ಲಜನಕ ಮುಗಿದುದರಿಂದಲ್ಲ. ಹೀಗಿರುವಾಗ ‘ರಿಲ್ಯಾಕ್ಸ್’ ಎಂದು ಕೂಗಿದರೆ ಯಾವ ಸ್ನಾಯು ಸಡಿಲಾದೀತು?

ಇನ್ನು ಮರೆವಿನ ವಿಚಾರ. ಹೊಸದಾಗಿ ಕಲಿಯುವವರು ಪ್ರತಿ ಹೆಜ್ಜೆಯನ್ನೂ ಮನಸ್ಸಿನಲ್ಲಿ ಹೇಳಿಕೊಂಡೇ ಮಾಡುತ್ತಾರೆ: ಈಗ ಕೈ, ಈಗ ಮುಖ ಪಕ್ಕಕ್ಕೆ, ಈಗ ಉಸಿರು. ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳುವುದು ಬಹಳ ಕಡಿಮೆ. ‘ಮುಳುಗಿದರೆ ಏನು ಗತಿ’ ಎಂಬುದು ಅಲ್ಲಿ ಬಂದು ಕುಳಿತರೆ ಕೈಗೂ ಉಸಿರಿಗೂ ಜಾಗ ಉಳಿಯುವುದಿಲ್ಲ. ನುರಿತವರ ಕಷ್ಟ ಬೇರೆ ಬಗೆಯದು. ತಾನಾಗಿ ನಡೆಯುತ್ತಿದ್ದುದು ಒತ್ತಡದಲ್ಲಿ ಕೈಕೊಡುತ್ತದೆ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಾಲ್ಟ್‌ನಲ್ಲಿ, ಅಂದರೆ ಓಡಿಬಂದು ಮೇಜಿನಂಥ ಸಲಕರಣೆಯ ಮೇಲಿಂದ ಹಾರುವ ಸ್ಪರ್ಧೆಯಲ್ಲಿ, ಎರಡೂವರೆ ಸುತ್ತು ತಿರುಗಬೇಕಿದ್ದಲ್ಲಿ ಒಂದೂವರೆಗೇ ಇಳಿದರು. ಗಾಳಿಯಲ್ಲಿ ತಾನೆಲ್ಲಿದ್ದೇನೆಂಬ ಅಂದಾಜೇ ತಪ್ಪಿತ್ತು. ಸ್ಪರ್ಧೆಯಿಂದ ಹಿಂದೆ ಸರಿದ ಆಕೆಯನ್ನು ಹೇಡಿ ಎಂದವರೂ ಇದ್ದರು. ಅಂಥವರು ಹಾಗೆ ತಲೆಕೆಳಗಾಗಿ ಒಮ್ಮೆ ಹಾರಿ ತೋರಿಸಲಿ.

ಹಾಗಾದರೆ ಬಾವಿಗೆ ತಳ್ಳಿಸಿಕೊಂಡೂ ಕಲಿತವರಿಲ್ಲವೇ? ಇದ್ದಾರೆ, ಮದುವೆ ಮನೆಗಳಲ್ಲಿ ಅದನ್ನು ಹೇಳಿಕೊಳ್ಳುವವರೂ ಅವರೇ. ಕಲಿಯದೆ ಹೋದವರು ನಿಮ್ಮ ಹಾಗೆ ಸುಮ್ಮನಿರುತ್ತಾರೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಹಗ್ಗ ಹಿಡಿದು ಮಕ್ಕಳನ್ನು ಮೆಲ್ಲಗೆ ಇಳಿಸುವ ಪದ್ಧತಿಯೂ ನಮ್ಮ ಹಳ್ಳಿಗಳಲ್ಲೇ ಇತ್ತು. ಹೆದರಿಸಿ ಕಲಿಸಿದರೆ ಏನಾಗುತ್ತದೆ? 1908ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳಿಗೆ ವಿದ್ಯುತ್ ಶಾಕ್ ಕೊಟ್ಟು ಕಲಿಸಿ ನೋಡಿದರು. ಸುಲಭದ ಪಾಠಕ್ಕೆ ಜೋರು ಶಾಕ್ ನೆರವಾಯಿತು. ಪಾಠ ಕಠಿಣವಾದಾಗ ಅದೇ ಶಾಕ್ ಕಲಿಕೆಯನ್ನು ನಿಧಾನಗೊಳಿಸಿತು. ಮೊದಲ ಸಲ ನೀರಿಗಿಳಿದವರಿಗೆ ಈಜು ಕಠಿಣ ಪಾಠವೇ.

ಸದ್ಯಕ್ಕೆ ಆಳದ ಕಡೆ ಹೋಗಬೇಡಿ. ಎದೆಮಟ್ಟದ ನೀರಿನಲ್ಲಿ ಅಂಚು ಹಿಡಿದು, ಮುಖ ಮುಳುಗಿಸಿ, ಗುಳ್ಳೆ ಬರುವಂತೆ ನಿಧಾನವಾಗಿ ಉಸಿರು ಬಿಡುವುದನ್ನಷ್ಟೇ ಮಾಡಿ. ಅದು ಬೇಸರ ಬರುವಷ್ಟು ಸಲೀಸಾಗಲಿ. ಆಮೇಲೆ ಹೆಚ್ಚು ಹೊತ್ತು ತೇಲಲು ಹೋಗುವ ಮೊದಲು ಎದ್ದು ನಿಲ್ಲುವುದನ್ನು ಕಲಿಯಿರಿ: ಬೋರಲಾಗಿ ತೇಲುತ್ತಿರುವಾಗ ಮಂಡಿಗಳನ್ನು ಎದೆಯ ಕಡೆಗೆ ಎಳೆದುಕೊಂಡು, ಅಂಗೈಗಳಿಂದ ನೀರನ್ನು ಕೆಳಕ್ಕೆ ಒತ್ತಿ, ತಲೆ ಎತ್ತಿ, ಪಾದ ಊರುವುದು. ಬೇಕೆಂದಾಗ ನಿಲ್ಲಬಲ್ಲೆ ಎಂಬುದು ದೇಹಕ್ಕೆ ಗೊತ್ತಾದರೆ ಅರ್ಧ ಬಿಗಿ ಅಲ್ಲೇ ಬಿಡುತ್ತದೆ. ಮುಂದೆ ಆಳಕ್ಕೆ ಹೋಗುವಾಗಲೂ ಅಂಚಿನ ಪಕ್ಕದಲ್ಲೇ, ಪಕ್ಕದಲ್ಲಿ ತರಬೇತುದಾರರು ನೀರಿನೊಳಗೆ ಇರುವಾಗಲೇ ಹೋಗಿ.

ಅವರಿಗೆ ಇದನ್ನೆಲ್ಲ ಬಿಡಿಸಿ ಹೇಳಿ, ಬಾವಿಯ ಸಂಗತಿಯನ್ನೂ ಸೇರಿಸಿ. ಒಪ್ಪದಿದ್ದರೆ ಅಥವಾ ತಮಾಷೆಗೆಂದು ಒಮ್ಮೆ ತಳ್ಳಿದರೂ ಆ ಕೊಳವನ್ನೇ ಬಿಡಿ, ಕಟ್ಟಿದ ಶುಲ್ಕ ಹೋದರೆ ಹೋಗಲಿ.