ನಮ್ಮ ಮತಪತ್ರದಲ್ಲಿ ಒಂದೇ ಹೆಸರಿತ್ತು

ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶದ ಆಟದಲ್ಲಿ ವರ್ಮ್‌ಹೋಲ್ (ದೂರದ ಜಾಗಗಳನ್ನು ಬೆಸೆಯುವ ಸುರಂಗ, ಅದರಾಚೆಯ ಪ್ರದೇಶ) ಕಡೆ ಯಾರೂ ತಿರುಗಿ ನೋಡುತ್ತಿಲ್ಲ, ಆಟಗಾರರೇ ಆರಿಸುವ ಕೌನ್ಸಿಲ್‌ಗೆ ನಾನೇ ನಿಲ್ಲಲಾ ಅಂತ ಕೇಳಿದ್ದೀರಿ. 2014ರಲ್ಲಿ ನಮ್ಮ ಗುಂಪೂ ಇದೇ ಯೋಚನೆಯಲ್ಲಿತ್ತು.

ಆಗ ನಾನು ಕಾವಲು ಕಡಿಮೆ ಇರುವ ಲೋ-ಸೆಕ್‌ನ ಫ್ಯಾಕ್ಷನ್ ವಾರ್‌ನಲ್ಲಿ, ಅಂದರೆ ಆಟದ ಸಾಮ್ರಾಜ್ಯಗಳ ನಡುವಿನ ಯುದ್ಧದಲ್ಲಿ, ಮಿನ್ಮಟಾರ್ ಪಕ್ಷದ ಪರ ಆಡುತ್ತಿದ್ದೆ. ಪುಟ್ಟ ಹಡಗುಗಳ ಕಾದಾಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ. ಆದರೆ ಅಲ್ಲಿ ಕಾದಾಡದವರೇ ತುಂಬಿಕೊಂಡಿದ್ದರು. ಹಡಗಿಗೆ ತಪ್ಪಿಸಿಕೊಳ್ಳಲು ನೆರವಾಗುವ ವಾರ್ಪ್ ಕೋರ್ ಸ್ಟೆಬಿಲೈಜರ್ ಹಾಕಿಕೊಂಡು ಪ್ಲೆಕ್ಸ್ (ವಶಪಡಿಸಿಕೊಳ್ಳಬೇಕಾದ ತಾಣ) ಒಳಗೆ ಕೂರುವುದು, ನಾವು ಬಂದ ಕೂಡಲೇ ಪರಾರಿ, ನಾವು ಹೋದರೆ ಮತ್ತೆ ಹಾಜರು. ಬಹುಮಾನವಾಗಿ ಸಿಗುವ ಲಾಯಲ್ಟಿ ಪಾಯಿಂಟ್ ಎಲ್ಲ ಅವರಿಗೆ. ಕೆಲಸ ಮುಗಿಸಿ ಬಂದು ರಾತ್ರಿ ಎರಡು ಗಂಟೆವರೆಗೆ ಖಾಲಿ ಪ್ಲೆಕ್ಸ್ ಕಾದಿದ್ದೇನೆ. ಇದನ್ನು ಸರಿಮಾಡಿಸಲೇಬೇಕು ಅಂತ ನಮ್ಮಲ್ಲೊಬ್ಬನನ್ನು ನಿಲ್ಲಿಸಿದೆವು. ಪ್ರಚಾರ ನನ್ನ ಪಾಲಿಗೆ ಬಂತು.

ನಾನು ಮಾಡಿದ ತಪ್ಪು ಇದು. ಗುಂಪಿನ ಅರವತ್ತು ಜನರಿಗೂ ಒಬ್ಬೊಬ್ಬರಾಗಿ ಹೇಳಿದೆ: "ಇವನ ಹೆಸರು ಮಾತ್ರ ಹಾಕಿ, ಬೇರೆ ಹೆಸರು ಹಾಕಿದರೆ ಮತ ಒಡೆಯುತ್ತೆ." ಪೂರ್ತಿ ಸುಳ್ಳು. 2013ರಿಂದ ಅಲ್ಲಿ ನಡೆಯುವುದು ಪ್ರಾಶಸ್ತ್ಯ ಮತದ ಚುನಾವಣೆ, ನಮ್ಮ ಪದವೀಧರ ಕ್ಷೇತ್ರದಲ್ಲಿ ಒಂದು, ಎರಡು, ಮೂರು ಅಂತ ಬರೆಯುತ್ತೇವಲ್ಲ, ಹಾಗೆ. ಆಗ 14 ಸೀಟಿತ್ತು, 14 ಹೆಸರು ಹಾಕಬಹುದಿತ್ತು. ಮೊದಲ ಹೆಸರಿನವರು ಎಣಿಕೆಯಿಂದ ಹೊರಬಿದ್ದರೆ ಅಥವಾ ಗೆದ್ದು ಮತ ಮಿಕ್ಕಿದರೆ ಮಾತ್ರ ಎರಡನೇ ಹೆಸರನ್ನು ನೋಡುತ್ತಾರೆ. ಅಲ್ಲಿಯವರೆಗೆ ಅದು ಇದ್ದೂ ಇಲ್ಲದ ಹಾಗೆ. ಎರಡನೇ ಹೆಸರಿನಿಂದ ಮೊದಲನೆಯವನಿಗೆ ಒಂದು ಕೂದಲೂ ಕೊಂಕುವುದಿಲ್ಲ. ಕಾವಲೇ ಇಲ್ಲದ ನಲ್-ಸೆಕ್‌ನ ದೊಡ್ಡ ಅಲಯನ್ಸ್‌ಗಳು (ಆಟಗಾರರ ಒಕ್ಕೂಟಗಳು) ಇದು ತಿಳಿದೇ ಪೂರ್ತಿ ಪಟ್ಟಿ ತಯಾರಿಸಿ ತಮ್ಮ ಜನರಿಗೆ ಹಂಚುತ್ತಿದ್ದವು. ನಾನು ನಿಯಮ ಓದಲೇ ಇಲ್ಲ. ನಮ್ಮವನು ಹೊರಬಿದ್ದ, ನಮ್ಮ ಮತಗಳಿಗೆ ಮುಂದೆ ಹೋಗಲು ದಾರಿಯೇ ಇರಲಿಲ್ಲ. ಅಷ್ಟೂ ಅಲ್ಲೇ ಸತ್ತವು.

ಅದಕ್ಕಿಂತ ಜಾಸ್ತಿ ನೋವಾಗಿದ್ದು ಆಮೇಲೆ. ಗೆದ್ದವರಲ್ಲಿ ಲೋ-ಸೆಕ್ ಚೆನ್ನಾಗಿ ಬಲ್ಲವರೊಬ್ಬರಿದ್ದರು. ಯಾರ ಹೆಸರು ಬರೆಯಬೇಡಿ ಅಂದಿದ್ದೆನೋ ಅವರ ಹತ್ತಿರವೇ ದೂರು ಹೊತ್ತು ಹೋಗಬೇಕಿತ್ತು. ನಾಚಿಕೆಯಿಂದ ನಾಲ್ಕು ತಿಂಗಳು ಸುಮ್ನೆ ಕೂತೆ. ಹೋದಾಗ ಅವರು ತಾಳ್ಮೆಯಿಂದ ಕೇಳಿದರು. ನಾನು 11 ಪುಟದ ಯೋಜನೆ ಕಳಿಸಿದ್ದೆ. ಅವರು ಕೇಳಿದ್ದು ಒಂದೇ: ಯಾವ ಸಿಸ್ಟಮ್ (ಆಟದ ನಕ್ಷತ್ರ ಮಂಡಲ), ಎಷ್ಟು ಸಲ, ವಿಡಿಯೋ ಇದೆಯಾ?

ಹಾಗಾಗಿ ನೀವು ನಿಲ್ಲುವುದು ಬೇಡ ಅಂತಲೇ ಹೇಳುತ್ತೇನೆ. ಕೌನ್ಸಿಲ್ ಸಲಹೆ ಕೊಡುತ್ತದೆ, ತೀರ್ಮಾನ ಆಟ ತಯಾರಿಸುವ ಕಂಪನಿ ಸಿಸಿಪಿಯದು. ಗೆದ್ದವರು ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಬೇಕು. ಆ ಕಂಪನಿ ಇರುವ ರೇಕ್ಯಾವಿಕ್‌ಗೆ ಹೋಗಿ ಕೇಳಿ ಬಂದದ್ದನ್ನೆಲ್ಲ ನಿಮ್ಮವರಿಗೇ ಹೇಳುವ ಹಾಗಿಲ್ಲ. 2011ರ ಜೂನ್‌ನಲ್ಲಿ ಇನ್ಕಾರ್ನಾ ಅನ್ನುವ ಅಪ್‌ಡೇಟ್ ಬಂದು ಆಟದ ದೊಡ್ಡ ಮಾರುಕಟ್ಟೆಯಾದ ಜಿಟಾದಲ್ಲಿ ಆಟಗಾರರು ದಂಗೆ ಎದ್ದಾಗ ಕೌನ್ಸಿಲ್ಲನ್ನು ತುರ್ತಾಗಿ ಕರೆಸಿದರು, ನವೆಂಬರ್‌ನ ಕ್ರೂಸಿಬಲ್ ಅಪ್‌ಡೇಟ್‌ನಲ್ಲಿ ಎಷ್ಟೋ ಹಳೆಯ ಸಣ್ಣಪುಟ್ಟ ತೊಂದರೆ ಸರಿಹೋದವು. ಆಗ ಕೌನ್ಸಿಲ್ ಮಾತಿಗೆ ತೂಕ ಬಂದದ್ದು ಆಟದ ಎಲ್ಲ ಮೂಲೆಯವರೂ ಹಿಂದೆ ನಿಂತಿದ್ದರಿಂದ. ಒಂದು ಮೂಲೆಗೆ ಒಬ್ಬ ಪ್ರತಿನಿಧಿ ಅನ್ನುವ ಲೆಕ್ಕವೇ ನನಗೆ ಈಗ ಒಪ್ಪಿಗೆಯಿಲ್ಲ.

ನಲ್-ಸೆಕ್‌ನವರಿಗೂ ವರ್ಮ್‌ಹೋಲ್ ಬೇಕು. ಟಿ3 ಕ್ರೂಸರ್ ಅನ್ನುವ ಹಡಗು ಕಟ್ಟುವ ಸಾಮಾನು ಅಲ್ಲಿಂದಲೇ ಬರುತ್ತದೆ, ದೂರದ ಸಿಸ್ಟಮ್‌ಗೆ ಅಡ್ಡದಾರಿಯೂ ಅದೇ. ಅದನ್ನು ಹಿಡಿದು ಈಗಿರುವ ಸದಸ್ಯರ ಜೊತೆ ಮಾತಾಡಿ. ಒಂದೇ ತೊಂದರೆ ಆರಿಸಿ, ಸಾಕ್ಷಿ ಸೇರಿಸಿ. ಚುನಾವಣೆ ಬಂದಾಗ ನಿಮ್ಮವರ ಮತಪತ್ರದಲ್ಲಿ ಒಂದು ಗೆರೆಯೂ ಖಾಲಿ ಬಿಡಬೇಡಿ.

ಫ್ಯಾಕ್ಷನ್ ವಾರ್ ದೊಡ್ಡದಾಗಿ ಬದಲಾಗಿದ್ದು 2022ರ ನವೆಂಬರ್‌ನಲ್ಲಿ, ಅಪ್‌ರೈಸಿಂಗ್ ಅಪ್‌ಡೇಟ್ ಬಂದಾಗ. ಯುದ್ಧದ ಮುಂಚೂಣಿ ಯಾವುದು, ಹಿಂದಿನ ಸಾಲು ಯಾವುದು ಅಂತ ಮ್ಯಾಪ್‌ನಲ್ಲೇ ಕಾಣಿಸಿತು. ಲಾಗಿನ್ ಆಗಿ ಹಳೆಯ ಚಾನೆಲ್ ತೆರೆದೆ. ಅರವತ್ತು ಜನರಲ್ಲಿ ಏಳು ಜನ ಉಳಿದಿದ್ದೆವು.